ಒಂದೇ ನಿಯಮವಿದ್ದರೆ ಸಮಾನತೆ ಬಂದಂತೆಯೇ?

ತಂಡವೊಂದರ ಮುಖ್ಯಸ್ಥರಾಗಿರುವ ಓದುಗರೊಬ್ಬರು ಬರೆದಿದ್ದಾರೆ: ‘ಶ್ರವಣದೋಷವಿರುವ ಸಹೋದ್ಯೋಗಿಯೊಬ್ಬರು ಸಭೆಯ ವಿಷಯಪಟ್ಟಿಯನ್ನು ಮುಂಚಿತವಾಗಿ ಬರೆದು ಕೊಡಿ ಎಂದು ಕೇಳಿದ್ದಾರೆ. ನಾನು ಹೆಣ್ಣು ಗಂಡು, ಮೇಲು ಕೀಳು ಎಂದು ನೋಡುವವನಲ್ಲ. ಎಲ್ಲರಿಗೂ ಒಂದೇ ನಿಯಮ. ಒಬ್ಬರಿಗೆ ವಿನಾಯಿತಿ ಕೊಟ್ಟರೆ ಉಳಿದವರಿಗೆ ಅನ್ಯಾಯವಾಗುವುದಿಲ್ಲವೇ?’

ಪ್ರಿಯ ಓದುಗರೇ,

‘ವಿನಾಯಿತಿ’ ಎಂಬ ಪದದ ಬಳಿ ನಾನು ನಿಂತುಬಿಟ್ಟೆ. ಕೆಲಸ ಬಿಡಲು ಅನುಮತಿ ಕೇಳಿದ್ದರೆ ಆ ಪದ ಸರಿ. ಅವರು ಕೇಳಿರುವುದು ಕೆಲಸ ಮಾಡಲು ಬೇಕಾದದ್ದನ್ನು. ಸಭೆಯಲ್ಲಿ ಮಾತು ಬಿರುಸಾದಾಗ ತುಟಿಯ ಚಲನೆ ನೋಡಿ ಗ್ರಹಿಸುವವರ ಪಾಡು ಊಹಿಸಿ: ಮಾತನಾಡುತ್ತಿರುವ ಮುಖವನ್ನು ಹುಡುಕುವಷ್ಟರಲ್ಲಿ ಮಾತು ಇನ್ನೊಬ್ಬರಿಗೆ ದಾಟಿರುತ್ತದೆ. ವಿಷಯ ಮೊದಲೇ ಗೊತ್ತಿದ್ದರೆ ತಪ್ಪಿಹೋದ ಪದಗಳನ್ನು ಹೊಂದಿಸಿಕೊಳ್ಳಬಹುದು, ತಮ್ಮ ಅಭಿಪ್ರಾಯವನ್ನು ಸಿದ್ಧಪಡಿಸಿಕೊಂಡು ಬರಬಹುದು. ನಿಮಗೆ ಹತ್ತು ನಿಮಿಷದ ಈ ಕೆಲಸ ಅವರಿಗೆ ಇಡೀ ಸಭೆಯನ್ನೇ ತೆರೆದುಕೊಡುತ್ತದೆ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯು, ಅತಿಯಾದ ಹೊರೆಯಾಗದ ಇಂತಹ ಅನುಕೂಲವನ್ನು ನಿರಾಕರಿಸುವುದನ್ನೇ ತಾರತಮ್ಯ ಎನ್ನುತ್ತದೆ.

ನೀವು ಭೇದ ಮಾಡುವವರಲ್ಲ ಎಂಬ ಮಾತನ್ನು ನಾನು ನಂಬುತ್ತೇನೆ. ಆದರೆ ಭೇದಕ್ಕೆ ಕೆಟ್ಟ ಉದ್ದೇಶವೇ ಬೇಕೆಂದಿಲ್ಲ. ಅರ್ಥಶಾಸ್ತ್ರಜ್ಞರಾದ ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಅಮೆರಿಕದ ಬಾಸ್ಟನ್, ಶಿಕಾಗೊ ನಗರಗಳ ಉದ್ಯೋಗದಾತರಿಗೆ ಸುಮಾರು 5,000 ಕಾಲ್ಪನಿಕ ಅರ್ಜಿಗಳನ್ನು ಕಳುಹಿಸಿದರು. ಯಾವ ಅರ್ಜಿಗೆ ಯಾವ ಹೆಸರು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ಬಿಳಿಯರದ್ದೆಂದು ತೋರುವ ಹೆಸರುಗಳಿಗೆ ಕಪ್ಪು ಜನರದ್ದೆಂದು ತೋರುವ ಹೆಸರುಗಳಿಗಿಂತ ಶೇ 50ರಷ್ಟು ಹೆಚ್ಚು ಕರೆಗಳು ಬಂದವು. 2004ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ನೆನೆದಾಗಲೆಲ್ಲ ನನಗೆ ನೋವಾಗುತ್ತದೆ. ಕರೆಯೇ ಬಾರದ ಮನೆಗಳಲ್ಲಿ ಎಷ್ಟು ಮಂದಿ ತಮ್ಮ ಯೋಗ್ಯತೆಯನ್ನೇ ಶಂಕಿಸಿರಬಹುದು! ಸಂದರ್ಶನದಲ್ಲಿ ಎಲ್ಲರಿಗೂ ಅವೇ ಪ್ರಶ್ನೆಗಳಿರಲಿ, ಅಂಕ ನೀಡುವ ಮಾನದಂಡ ಮೊದಲೇ ಬರಹದಲ್ಲಿರಲಿ ಎಂದು ಒತ್ತಾಯಿಸುವುದು ಇದಕ್ಕಾಗಿಯೇ. ಅಲ್ಲಿ ಒಂದೇ ನಿಯಮ ಬೇಕು, ಒಪ್ಪುತ್ತೇನೆ.

ಸಭೆಯ ಮಾತು ಬೇರೆ. ವಿಷಯಪಟ್ಟಿಯನ್ನು ಹಿಂದಿನ ದಿನವೇ ತಂಡದ ಎಲ್ಲರಿಗೂ ಕಳುಹಿಸಿ. ಯಾರ ಸಲುವಾಗಿ ಎಂದು ಹೇಳುವ ಅಗತ್ಯವಿಲ್ಲ. ಹೊಸಬರಿಗೂ ಸಂಕೋಚ ಸ್ವಭಾವದವರಿಗೂ ಅದು ಉಪಯೋಗಕ್ಕೆ ಬರುತ್ತದೆ. ಒಮ್ಮೆಗೆ ಒಬ್ಬರೇ ಮಾತನಾಡುವಂತೆ ನೋಡಿಕೊಳ್ಳಿ. ಎರಡು ಮೂರು ಸಭೆಗಳಾದ ಮೇಲೆ, ಇಷ್ಟು ಸಾಕಾಗುತ್ತಿದೆಯೇ, ಇನ್ನೇನಾದರೂ ಬೇಕೇ ಎಂದು ಆ ಸಹೋದ್ಯೋಗಿಯನ್ನೇ ಕೇಳಿ.

– ಸಂಪಾದಕ