ಕಾಡು ಓದೋದಂದ್ರೆ ಹುಲಿ ನೋಡೋದಲ್ಲ

ಪ್ರಶ್ನೆ: ನಾನು ಸಾಗರದ ಹತ್ತಿರದ ಹಳ್ಳಿಯವಳು, ಸೆಕೆಂಡ್ ಪಿಯುಸಿ, ಪಿಸಿಎಂಬಿ. ಕಾಡು ಅಂದ್ರೆ ಪ್ರಾಣ. ಬಿಎಸ್ಸಿ ಫಾರೆಸ್ಟ್ರಿ ಓದಬೇಕು ಅಂತಿದ್ದೇನೆ. ಅಪ್ಪ ಮಾತ್ರ ಅಗ್ರಿ ತಗೋ ಅಂತಾರೆ. ಫಾರೆಸ್ಟ್ರಿ ಓದಿದರೆ ಹುಲಿ, ಆನೆ ಕೆಲಸ ಸಿಗುತ್ತಾ?

ಉತ್ತರ: ಮೊದಲು ನಿನ್ನ ಹುಲಿಯನ್ನು ಸ್ವಲ್ಪ ಪಕ್ಕಕ್ಕಿಡು ತಂಗಿ. ವನ್ಯಜೀವಿ ವಿಷಯ ಈ ಓದಿನಲ್ಲಿ ಇದೆ, ಆದರೆ ಅದು ಒಂದು ತುಂಡು ಅಷ್ಟೇ. ಜಾಸ್ತಿ ಇರೋದು ಮರ, ಮಣ್ಣು, ನೀರು, ನರ್ಸರಿ, ಮರದ ದಿಮ್ಮಿ, ಅರಣ್ಯ ಕಾನೂನು, ಮತ್ತೆ ಹೆಚ್ಚಿನವರು ನಿರೀಕ್ಷಿಸದೇ ಇರುವ ಒಂದು ವಿಷಯ, ಲೆಕ್ಕ. ಕೈಯಲ್ಲಿ ಟೇಪು ಹಿಡಿದು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಮರದ ಸುತ್ತಳತೆ ತೆಗೆಯುತ್ತೀಯ, ಇಳಿಜಾರಲ್ಲಿ ನಿಂತ ಮರವಾದರೆ ಮೇಲ್ಬದಿಯಿಂದ ಅಳೆಯುತ್ತೀಯ, ಒಂದಲ್ಲ, ನೂರು ಮರ, ಆಮೇಲೆ ಹಾಸ್ಟೆಲಿಗೆ ಬಂದು ಅದನ್ನೆಲ್ಲ ಸ್ಟ್ಯಾಟಿಸ್ಟಿಕ್ಸಿಗೆ ಹಾಕಿ ಕೂರುತ್ತೀಯ. ಇದು ಬೇಜಾರು ಅನಿಸಿದರೆ ಈಗಲೇ ಯೋಚಿಸು. ನನಗಂತೂ ಅದೇ ರುಚಿ ಹತ್ತಿಸಿದ್ದು.

ನಮ್ಮ ರಾಜ್ಯದಲ್ಲಿ ಇದಕ್ಕೆ ಹೆಸರಾದ ಸರ್ಕಾರಿ ಕಾಲೇಜು ಎರಡು. ಒಂದು ಶಿರಸಿಯಲ್ಲಿ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೆಳಗೆ. ಇನ್ನೊಂದು ಕೊಡಗಿನ ಪೊನ್ನಂಪೇಟೆಯಲ್ಲಿ. ನಾಲ್ಕು ವರ್ಷದ ಕೋರ್ಸು. ಹೆಚ್ಚಿನ ಸೀಟು ಸಿಇಟಿ ಮೂಲಕ. ನಿಮ್ಮದು ತೋಟ, ಗದ್ದೆ ಇರುವ ಮನೆಯಾದರೆ ಕೃಷಿಕರ ಕೋಟಾ ಉಂಟು, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಬೀಜ, ಗೊಬ್ಬರ, ಸಲಕರಣೆ ಗುರುತಿಸಲು ಹೇಳುತ್ತಾರೆ. ಕಾಗದಪತ್ರ ಈಗಲೇ ಮಾಡಿಸಿಟ್ಟುಕೋ. ಕೊನೇ ವಾರದಲ್ಲಿ ತಾಲ್ಲೂಕು ಕಚೇರಿ ಮುಂದೆ ಕ್ಯೂ ನಿಲ್ಲೋದು ಯಾರಿಗೆ ಬೇಕು!

ಈ ಎರಡು ಊರುಗಳೇ ಅರ್ಧ ಪಾಠ ಕಲಿಸುತ್ತವೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿಕೊಂಡು ಕಡಿತ ನಿಲ್ಲಿಸಿದರು, ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಅದೇ ಸೀಮೆಯಲ್ಲಿ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ ಇದೆ. ಸೊಪ್ಪು ಕಡಿಯುವ ಹಕ್ಕು ಅವರದು, ನೆಲ ಸರ್ಕಾರದ್ದು. ಹಾಗಾದರೆ ಬೆಟ್ಟ ಬೋಳಾದರೆ ಯಾರನ್ನು ಕೇಳೋದು? ಕೊಡಗಿಗೆ ಹೋದರೆ ದೇವರಕಾಡು, ಅಂದರೆ ದೇವರ ಹೆಸರಿಗೆ ಬಿಟ್ಟ ಕಾಡು, ಅಲ್ಲಿ ಕಾವಲು ಕಾಯೋದು ನಂಬಿಕೆ, ಆದರೂ ಅಂಚಿನಿಂದ ಒತ್ತುವರಿ ಆಗುತ್ತಲೇ ಇದೆ. ಕಾಡು ಉಳಿಸೋದು ಅಂದರೆ ಹೆಚ್ಚಿನ ಪಾಲು ಇಂಥ ಜನರ ಜೊತೆ ಜಗಲಿ ಮೇಲೆ ಕೂತು ಮಾತಾಡೋದು. ಮಾತು ಬರದವರು ಇಲ್ಲಿ ಸೋಲುತ್ತಾರೆ.

ಅಪ್ಪನ ಚಿಂತೆ ಸುಳ್ಳಲ್ಲ. ಎಲ್ಲರ ಕಣ್ಣೂ ವಲಯ ಅರಣ್ಯಾಧಿಕಾರಿ ಹುದ್ದೆ ಮೇಲೆ. ಫಾರೆಸ್ಟ್ರಿ ಓದಿದವರಿಗೆ ಅದರಲ್ಲಿ ಮೀಸಲು ಪಾಲು ಇದೆ, ಆದರೆ ಎಷ್ಟು ಪಾಲು ಅನ್ನೋದರ ಜಗಳ ಮುಗಿಯೋದೇ ಇಲ್ಲ, ನೇಮಕಾತಿಯೂ ವರ್ಷಾವರ್ಷ ಬರೋದಲ್ಲ. ಅದೊಂದನ್ನೇ ನಂಬಿ ಸೇರಬೇಡ. ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆಗೂ ಫಾರೆಸ್ಟ್ರಿ ಪದವಿ ನಡೆಯುತ್ತದೆ ಅಂತ ಅಪ್ಪನಿಗೆ ಹೇಳು, ಸ್ವಲ್ಪ ತಣ್ಣಗಾಗುತ್ತಾರೆ.

ಪ್ರಶ್ನೆ: ಸರ್ಕಾರಿ ಕಾಲೇಜಿನಲ್ಲಿ ಬಾಟನಿ, ಝೂಆಲಜಿ ಬಿಎಸ್ಸಿ ಮುಗಿಸುತ್ತಿದ್ದೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಫಾರೆಸ್ಟ್ರಿ ಸೀಟು ತಪ್ಪಿತ್ತು. ಇನ್ನು ನನಗೆ ಕಾಡಿನ ದಾರಿ ಇಲ್ವಾ?

ಉತ್ತರ: ಇದೆ ಮಾರಾಯ, ಸುಮ್ನೆ ಕೊರಗಬೇಡ. ಐಎಫ್‌ಎಸ್, ಅಂದರೆ ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಬಾಟನಿ ಅಥವಾ ಝೂಆಲಜಿ ಇರುವ ಪದವಿ ಸಾಕು. ಪ್ರಿಲಿಮ್ಸ್ ಐಎಎಸ್‌ನವರ ಜೊತೆಗೇ, ಮುಖ್ಯ ಪರೀಕ್ಷೆ ಬೇರೆ. ಆದರೆ ಉತ್ತರ ಬರೆಯೋದು ಇಂಗ್ಲಿಷಿನಲ್ಲೇ, ಐಎಎಸ್‌ನ ಹಾಗೆ ಕನ್ನಡದಲ್ಲಿ ಬರೆಯಲು ಬಿಡೋದಿಲ್ಲ. ನನ್ನ ಕೇಳಿದರೆ ಇದು ಅನ್ಯಾಯ, ಆದರೆ ನಿಯಮ ಅದು. ಇವತ್ತಿನಿಂದಲೇ ದಿನಕ್ಕೊಂದು ಪುಟ ಬರೆದು ಅಭ್ಯಾಸ ಮಾಡು. ಕಾಲಿಗೂ ಕೆಲಸ ಕೊಡು: 4 ಗಂಟೆಯಲ್ಲಿ ಗಂಡಸರು 25 ಕಿ.ಮೀ., ಹೆಂಗಸರು 14 ಕಿ.ಮೀ. ನಡೆಯಬೇಕು. ಪರೀಕ್ಷೆಗಿಂತ ಓದೇ ಇಷ್ಟ ಅಂದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನ, ವನ್ಯಜೀವಿ ವಿಷಯದಲ್ಲಿ ಎಂಎಸ್ಸಿ ನೋಡು. ಪಕ್ಕದಲ್ಲೇ ಭದ್ರಾ ಕಾಡು.

ಪ್ರಶ್ನೆ: ಮಗಳನ್ನು ಪೊನ್ನಂಪೇಟೆಗೆ ಕಳಿಸಬಹುದಾ? ಹೆಣ್ಣುಮಗಳು, ಕಾಡು, ಮಳೆ...

ಉತ್ತರ: ಕಳಿಸಿ ಅಮ್ಮ. ಈಗ ಅರಣ್ಯ ಇಲಾಖೆಯಲ್ಲಿ ಗಸ್ತು ತಿರುಗುವ ಹೆಣ್ಣುಮಕ್ಕಳೇ ಎಷ್ಟೋ ಜನ ಇದ್ದಾರೆ. ಜೊತೆಗೆ ಒಂದು ಗಟ್ಟಿ ರೇನ್‌ಕೋಟು, ಉದ್ದದ ಕಾಲುಚೀಲ, ಉಂಬಳಕ್ಕೆ (ಕಾಡಿನ ಜಿಗಣೆ) ಒಂದು ಪೊಟ್ಟಣ ಉಪ್ಪು ಕಳಿಸಿ. ಮೊದಲ ಮಳೆಗಾಲದಲ್ಲಿ ಫೋನು ಮಾಡಿ ಅಳುತ್ತಾಳೆ, ಎರಡನೇ ಮಳೆಗಾಲಕ್ಕೆ ಜೂನಿಯರ್‌ಗಳ ಕಾಲಿಂದ ಉಂಬಳ ಕೀಳುತ್ತಿರುತ್ತಾಳೆ.