ಕೊಳ್ಳೋರು ಯಾರು ಅಂತ ಕೇಳಬೇಡಿ, ಮಾರೋರು ಯಾರು ಅಂತ ಕೇಳಿ

ಕಂಪನಿಗಳು ಕೈ ಬದಲಾಗುವಾಗ ಅವುಗಳ ಲೆಕ್ಕಪತ್ರ ತಿರುವಿ ನೋಡುವುದು ನನ್ನ ಕೆಲಸ. ಫುಟ್‌ಬಾಲ್ ನನ್ನ ಚಟ. ಹಾಗಾಗಿ ಕ್ಲಬ್ ಮಾರಾಟದ ಬಗ್ಗೆ ಬರುವ ಪತ್ರಗಳೆಲ್ಲ ನನ್ನ ಮೇಜಿಗೇ ಬಂದು ಬೀಳುತ್ತವೆ. ಮುಕ್ಕಾಲು ಪಾಲು ಪತ್ರಗಳದ್ದು ಒಂದೇ ಪ್ರಶ್ನೆ, ಶ್ರೀಮಂತರ ಹೆಸರು ಮಾತ್ರ ಬೇರೆ ಬೇರೆ. ಅದಕ್ಕೇ ಈ ಸಲ ಒಂದೇ ಪತ್ರ ಹಿಡಿದು ಕೂತಿದ್ದೇನೆ. ಉಳಿದವರು ಬೇಜಾರು ಮಾಡ್ಕೋಬೇಡಿ. ಷೇರು ಅಂದರೇನು, ಲೀಗ್ ಅಂದರೇನು ಅಂತೆಲ್ಲ ಇಲ್ಲಿ ಹೇಳುವುದಿಲ್ಲ.

ಸರ್, ನಾನು ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿ. ಕೊಲ್ಲಿ ದೇಶದ ಶ್ರೀಮಂತರು ಕ್ಲಬ್ ಕೊಳ್ಳುತ್ತಾರೆ ಅಂತ ವರ್ಷಗಳಿಂದ ಕೇಳುತ್ತಿದ್ದೇನೆ. ಮೊಬೈಲ್ ಆ್ಯಪ್‌ನಲ್ಲಿ ಕ್ಲಬ್‌ನ ಷೇರನ್ನೂ ಸ್ವಲ್ಪ ತಗೊಂಡಿದ್ದೇನೆ. ಈ ಸಲದ ಸುದ್ದಿ ನಿಜವಾ? ಟೇಕ್‌ಓವರ್ ಆಗುವ ಮೊದಲೇ ಇನ್ನಷ್ಟು ತಗೊಳ್ಳಲಾ?
— ಒಬ್ಬ ಓದುಗರು, ಬಸವೇಶ್ವರನಗರ

'ಈ ಸಲದ ಸುದ್ದಿ' ಯಾವುದು ಅಂತ ನೀವು ಬರೆದಿಲ್ಲ. ಬರೆದಿದ್ದರೂ ನನ್ನ ಉತ್ತರ ಇದೇ ಇರುತ್ತಿತ್ತು.

ನಿಮ್ಮ ಪತ್ರದಲ್ಲಿ ಕೊಳ್ಳುವವರ ಬಗ್ಗೆ ಮಾತ್ರ ಇದೆ. ಅವರ ಆಸ್ತಿ ಎಷ್ಟು, ಅವರಿಗೆ ಎಷ್ಟು ಎಣ್ಣೆ ಬಾವಿ ಇದೆ, ಇದೇ ಆಯ್ತು. ಮಾರುವವರು ಯಾರು? ಅವರು ಏನನ್ನು ಮಾರುತ್ತಿದ್ದಾರೆ? ಈ ಎರಡು ಪ್ರಶ್ನೆ ಯಾರೂ ಕೇಳುವುದಿಲ್ಲ. ಟೇಕ್‌ಓವರ್ ನಡೆಯುತ್ತದೋ ಇಲ್ಲವೋ ಅನ್ನೋದು ತೀರ್ಮಾನ ಆಗುವುದೇ ಅಲ್ಲಿ.

ಅಮೆರಿಕದ ಗ್ಲೇಜರ್ ಕುಟುಂಬ ಯುನೈಟೆಡ್ ಅನ್ನು 2005ರಲ್ಲಿ ಕೊಂಡಿತು. ಬೆಲೆ ಸುಮಾರು 79 ಕೋಟಿ ಪೌಂಡ್. ಅದರಲ್ಲಿ ದೊಡ್ಡ ಪಾಲು ಸಾಲ. ಆ ಸಾಲದ ಬಹುಭಾಗವನ್ನು ಕ್ಲಬ್‌ನ ತಲೆಗೇ ಕಟ್ಟಿದರು. 2012ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ತಂದರು, ಒಂದು ಷೇರಿಗೆ 14 ಡಾಲರ್‌ನಂತೆ. ಅಲ್ಲೊಂದು ಮುಖ್ಯ ವಿಷಯ ಇದೆ. ಷೇರುಗಳಲ್ಲಿ ಎ ಮತ್ತು ಬಿ ಅಂತ ಎರಡು ವರ್ಗ. ಎ ವರ್ಗದ ಷೇರಿಗೆ ಒಂದು ಮತ, ಬಿ ವರ್ಗದ್ದಕ್ಕೆ ಹತ್ತು. ನೀವು ಆ್ಯಪ್‌ನಲ್ಲಿ ತಗೊಂಡಿರುವುದು ಎ. ಕುಟುಂಬ ಬಿ ಇಟ್ಟುಕೊಂಡಿತು. ಪ್ರಪಂಚದ ಎ ಷೇರುದಾರರೆಲ್ಲ ಒಟ್ಟಿಗೆ ನಿಂತು 'ಮಾರಿ' ಅಂತ ಕೂಗಿದರೂ, ಕುಟುಂಬ 'ಇಲ್ಲ' ಅಂದರೆ ಮಾತು ಮುಗಿಯಿತು.

ಈಗ 2022ಕ್ಕೆ ಬನ್ನಿ. ಆ ನವೆಂಬರ್‌ನಲ್ಲಿ ಕ್ಲಬ್ 'ಬೇರೆ ದಾರಿಗಳನ್ನು ಪರಿಶೀಲಿಸುತ್ತೇವೆ' ಎನ್ನುವ ಧಾಟಿಯ ಪ್ರಕಟಣೆ ಕೊಟ್ಟಿತು. ಅಭಿಮಾನಿಗಳು ಅದನ್ನು 'ಮಾರಾಟಕ್ಕಿದೆ' ಅಂತ ಓದಿಕೊಂಡರು. ಪ್ರಕಟಣೆಯಲ್ಲಿ ಮಾರಾಟ ಒಂದು ದಾರಿ ಮಾತ್ರ. ಹೊಸ ಬಂಡವಾಳ ತರುವುದೂ ಇತ್ತು, ಬೇರೆಯದೂ ಇತ್ತು. ಖತರ್‌ನ ಶೇಖ್ ಜಾಸಿಮ್ ಬಿನ್ ಹಮದ್ ಅಲ್ ಥಾನಿ ಪೂರ್ತಿ ನೂರಕ್ಕೆ ನೂರು ಕೇಳಿದರು, ಸಾಲ ಇಲ್ಲದೆ. ಇಂಗ್ಲೆಂಡಿನ ಉದ್ಯಮಿ ಜಿಮ್ ರಾಟ್‌ಕ್ಲಿಫ್ ಕೂಡ ಬಂದರು. ತಿಂಗಳುಗಟ್ಟಲೆ 'ಕೊನೆಯ ಸುತ್ತು', 'ಅಂತಿಮ ಬಿಡ್' ಅಂತ ಸುದ್ದಿಯೋ ಸುದ್ದಿ. ನಮ್ಮ ಬೆಂಗಳೂರಿನ ಪಬ್‌ಗಳಲ್ಲಿ ಶೇಖ್ ಆಗಲೇ ಕ್ಲಬ್ ಕೊಂಡು, ಹೊಸ ಸ್ಟೇಡಿಯಂ ಕಟ್ಟಿ, ಎಂಬಾಪೆಯನ್ನೂ ಕರೆತಂದಾಗಿತ್ತು. 2023ರ ಅಕ್ಟೋಬರ್‌ನಲ್ಲಿ ಜಾಸಿಮ್ ಹಿಂದೆ ಸರಿದರು. ಡಿಸೆಂಬರ್ 24ರಂದು ಹೊರಬಿದ್ದ ಒಪ್ಪಂದದಲ್ಲಿ ರಾಟ್‌ಕ್ಲಿಫ್‌ಗೆ ಸಿಕ್ಕಿದ್ದು ಕಾಲು ಭಾಗದ ಆಸುಪಾಸು, ಜೊತೆಗೆ ಆಟದ ವಿಭಾಗ ನಡೆಸುವ ಅಧಿಕಾರ. ಹದಿಮೂರು ತಿಂಗಳ ಗದ್ದಲದ ಕೊನೆಗೆ ಕ್ಲಬ್ ಮೇಲಿನ ಹಿಡಿತ ಗ್ಲೇಜರ್‌ಗಳ ಕೈಯಲ್ಲೇ ಉಳಿಯಿತು.

ಇದನ್ನು ಚೆಲ್ಸಿಯ ಜೊತೆ ಇಟ್ಟು ನೋಡಿ. ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ಮೇಲೆ, 2022ರ ಮಾರ್ಚ್ ಮೊದಲ ವಾರ, ಅದರ ರಷ್ಯನ್ ಮಾಲೀಕ ರೋಮನ್ ಅಬ್ರಮೊವಿಚ್ ಕ್ಲಬ್ ಮಾರುತ್ತೇನೆ ಅಂದರು. ಅದೇ ತಿಂಗಳು ಬ್ರಿಟನ್ ಸರ್ಕಾರ ಅವರ ಆಸ್ತಿಗೆ ಬೀಗ ಹಾಕಿತು. ಮೇ ಕೊನೆಯಲ್ಲಿ ಮಾರಾಟ ಮುಗಿದೇ ಹೋಗಿತ್ತು, 250 ಕೋಟಿ ಪೌಂಡ್‌ಗೆ. ಮೂರು ತಿಂಗಳೂ ಹಿಡಿಯಲಿಲ್ಲ. ಅಲ್ಲಿ ಕೊಂಡವರು ಜಾಸಿಮ್‌ಗಿಂತ ಶ್ರೀಮಂತರು ಅಂತಲ್ಲ. ಮಾರುವವರಿಗೆ ಬೇರೆ ದಾರಿಯೇ ಇರಲಿಲ್ಲ, ಅಷ್ಟೇ.

ಇನ್ನು ನಿಮ್ಮ ಷೇರು. 2022ರ ಪ್ರಕಟಣೆ ಬಂದಾಗ ಬೆಲೆ ಜಿಗಿಯಿತು. 2023ರ ಸೆಪ್ಟೆಂಬರ್‌ನಲ್ಲಿ 'ಗ್ಲೇಜರ್‌ಗಳು ಮಾರಾಟ ಕೈಬಿಡಬಹುದು' ಅಂತ ಒಂದು ಪತ್ರಿಕೆ ಬರೆಯಿತು. ಒಂದೇ ದಿನದಲ್ಲಿ ಬೆಲೆ ಸುಮಾರು 18 ಶೇಕಡಾ ಬಿತ್ತು. ಕ್ಲಬ್ ಏನೂ ಹೇಳಿರಲಿಲ್ಲ. ಒಂದು ವರದಿ, ಅಷ್ಟೇ. ಆಮೇಲೆ ರಾಟ್‌ಕ್ಲಿಫ್ ಷೇರಿಗೆ 33 ಡಾಲರ್ ಕೊಡುತ್ತಾರೆ ಅಂತಾದಾಗ ಇಲ್ಲಿಂದಲೂ ಒಂದಷ್ಟು ಜನ 'ಸರ್, ಪೇಟೆಯಲ್ಲಿ ಇಪ್ಪತ್ತಕ್ಕೆ ಸಿಗ್ತಿದೆ, 33ಕ್ಕೆ ಕೊಡಬಹುದು, ಅಲ್ವಾ?' ಅಂತ ಬರೆದಿದ್ದರು. ಕೊಡಬಹುದಿತ್ತು, ಆದರೆ ಎಲ್ಲವನ್ನೂ ಅಲ್ಲ. ರಾಟ್‌ಕ್ಲಿಫ್ ತಗೊಳ್ಳಲು ಒಪ್ಪಿದ್ದು ಎ ಷೇರುಗಳಲ್ಲಿ 25 ಶೇಕಡಾ ಮಾತ್ರ. ಅದಕ್ಕಿಂತ ಜಾಸ್ತಿ ಬಂದದ್ದನ್ನು ಪ್ರಮಾಣದಲ್ಲಿ ಕಡಿತ ಮಾಡಿ ವಾಪಸ್ ಕಳಿಸಿದರು. 2024ರ ಮಧ್ಯದ ಹೊತ್ತಿಗೆ ಆ ಉಳಿದ ಷೇರಿನ ಬೆಲೆ 33ರ ಅರ್ಧದ ಹತ್ತಿರ ಇತ್ತು.

ನಮ್ಮಲ್ಲಿ ಒಬ್ಬರ ಪಾಲು 25 ಶೇಕಡಾ ತಲುಪಿದರೆ ಉಳಿದ ಷೇರುದಾರರಿಂದ ಇನ್ನೂ 26 ಶೇಕಡಾ ಕೊಳ್ಳುತ್ತೇನೆ ಅಂತ ಓಪನ್ ಆಫರ್ ಕೊಡಬೇಕು ಅನ್ನುವ ನಿಯಮ ಇದೆ, ನಮ್ಮ ಷೇರುಪೇಟೆ ನಿಯಂತ್ರಕ ಸೆಬಿಯದ್ದು. ಅದೇ ನಿಯಮ ಅಲ್ಲೂ ಕಾಪಾಡುತ್ತೆ ಅಂತ ಅಂದ್ಕೊಂಡಿದ್ದರೆ ಬಿಟ್ಟುಬಿಡಿ. ಮ್ಯಾಂಚೆಸ್ಟರ್ ಯುನೈಟೆಡ್ ಪಿಎಲ್‌ಸಿ ನೋಂದಣಿ ಆಗಿರುವುದು ಮ್ಯಾಂಚೆಸ್ಟರ್‌ನಲ್ಲಲ್ಲ, ಕೇಮನ್ ದ್ವೀಪದಲ್ಲಿ.

ಗಾಳಿಸುದ್ದಿ ಎಲ್ಲಿಂದ ಹುಟ್ಟುತ್ತದೆ ಅನ್ನೋದು ನಿಮಗೆ ಗೊತ್ತಿರಬೇಕು. ದೊಡ್ಡ ಮಾರಾಟದಲ್ಲಿ ಲೆಕ್ಕಪತ್ರ ನೋಡುವ ಮೊದಲೇ ಎಲ್ಲರೂ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿರುತ್ತಾರೆ. ನಿಜವಾಗಿ ಒಳಗಿರುವವರಿಗೆ ಬಾಯಿ ಬಿಡುವಂತಿಲ್ಲ. ಬಿಟ್ಟರೆ ಅದರ ಹಿಂದೆ ಒಂದು ಲೆಕ್ಕ ಇರುತ್ತದೆ. ಮಾರುವ ಕಡೆಯವರಿಗೆ ಪೈಪೋಟಿ ಇದೆ ಅಂತ ತೋರಿಸಬೇಕು. ಕೊಳ್ಳುವ ಕಡೆಯವರಿಗೆ ಅಭಿಮಾನಿಗಳ ಒತ್ತಡ ತರಿಸಬೇಕು. ಮಧ್ಯದವರಿಗೆ ಕಮಿಷನ್ ಬೇಕು. ನಮ್ಮೂರಲ್ಲಿ ಸೈಟು ತೋರಿಸುವ ಬ್ರೋಕರ್ 'ಇನ್ನೊಂದು ಪಾರ್ಟಿ ನಾಳೆನೇ ಅಡ್ವಾನ್ಸ್ ಕೊಡ್ತಾರೆ ಸಾರ್' ಅನ್ನುತ್ತಾರಲ್ಲ, ಆ ಪಾರ್ಟಿಯನ್ನು ನೀವು ಯಾವತ್ತಾದರೂ ಕಣ್ಣಾರೆ ನೋಡಿದ್ದೀರಾ? ಅಲ್ಲಿ ಮಾತ್ರ ನೀವು ಇಸಿ (ಋಣಭಾರ ಪತ್ರ) ತೆಗೆಸದೆ, ಖಾತೆ ನೋಡದೆ ಒಂದು ರೂಪಾಯಿ ಬಿಚ್ಚುವುದಿಲ್ಲ. ಕ್ಲಬ್ ಅಂದ ತಕ್ಷಣ ಆ ಬುದ್ಧಿ ಎಲ್ಲಿಗೆ ಹೋಗುತ್ತೋ.

2025ರ ಅಕ್ಟೋಬರ್‌ದೇ ತಗೊಳ್ಳಿ. ಸೌದಿಯ ಮನರಂಜನಾ ಪ್ರಾಧಿಕಾರದ ಮುಖ್ಯಸ್ಥರಾಗಿದ್ದ ತುರ್ಕಿ ಅಲ್ ಶೇಖ್ ಸಾಮಾಜಿಕ ಜಾಲತಾಣದಲ್ಲಿ 'ಯುನೈಟೆಡ್ ಹೊಸ ಹೂಡಿಕೆದಾರರಿಗೆ ಮಾರಾಟವಾಗುವ ಹಂತದಲ್ಲಿದೆ' ಎನ್ನುವ ಅರ್ಥದ ಸಾಲು ಹಾಕಿದರು. ಷೇರು ಏರಿತು. ಆಮೇಲೆ ಅವರೇ 'ಆ ಹೂಡಿಕೆದಾರ ನಾನಲ್ಲ' ಅಂದರು. ಆ ಸುದ್ದಿಗೆ ಬೆಂಬಲವಾಗಿ ಎಲ್ಲರೂ ತೋರಿಸಿದ್ದು ರಾಟ್‌ಕ್ಲಿಫ್ ಒಪ್ಪಂದದ ಒಂದು ಷರತ್ತನ್ನು. 2024ರ ಫೆಬ್ರವರಿಯಲ್ಲಿ ಖರೀದಿ ಪೂರ್ತಿಯಾಗಿ 18 ತಿಂಗಳಾದ ಮೇಲೆ ಗ್ಲೇಜರ್‌ಗಳು ಇಡೀ ಕ್ಲಬ್ ಮಾರಲು ಹೊರಟರೆ ರಾಟ್‌ಕ್ಲಿಫ್ ಕೂಡ ತಮ್ಮ ಪಾಲು ಮಾರಬೇಕು ಅನ್ನುವ ಷರತ್ತು ಅದು. 2025ರ ಆಗಸ್ಟ್‌ಗೆ ಆ ಅವಧಿ ಮುಗಿದದ್ದು ನಿಜ. ಇಂಥ ಷರತ್ತು ನಾನು ನೋಡುವ ಒಪ್ಪಂದಗಳಲ್ಲಿ ಸರ್ವೇಸಾಮಾನ್ಯ. ಬಾಗಿಲಿಗೆ ಚಿಲಕ ಇಲ್ಲ ಅಂದ ಮಾತ್ರಕ್ಕೆ ಯಾರೋ ಹೊರಟು ನಿಂತಿದ್ದಾರೆ ಅಂತಲ್ಲ.

ಸಹಿ ಬಿದ್ದರೂ ನಂಬಬೇಡಿ. ಅಮೆರಿಕದ ಹೂಡಿಕೆ ಸಂಸ್ಥೆ 777 ಪಾರ್ಟ್‌ನರ್ಸ್ 2023ರ ಸೆಪ್ಟೆಂಬರ್‌ನಲ್ಲಿ ಎವರ್ಟನ್ ಕ್ಲಬ್ ಕೊಳ್ಳುವ ಒಪ್ಪಂದ ಮಾಡಿಕೊಂಡಿತ್ತು. ಲೀಗ್‌ನ ಷರತ್ತುಗಳನ್ನು ಪೂರೈಸಲಾಗದೆ 2024ರ ಮೇ ಮುಗಿಯುವಾಗ ಅದು ಬಿದ್ದುಹೋಯಿತು. ಕೊನೆಗೆ ಕೊಂಡದ್ದು ಫ್ರೀಡ್‌ಕಿನ್ ಗ್ರೂಪ್, ಆ ಡಿಸೆಂಬರ್‌ನಲ್ಲಿ. ನ್ಯೂಕ್ಯಾಸಲ್‌ಗೆ ಸೌದಿಯ ಸರ್ಕಾರಿ ಹೂಡಿಕೆ ನಿಧಿ 2020ರಲ್ಲೇ ಬಂದು, ಲೀಗ್‌ನ ಒಪ್ಪಿಗೆ ಸಿಗದೆ ಜುಲೈನಲ್ಲಿ ವಾಪಸ್ ಹೋಯಿತು. ಕ್ಲಬ್ ಅವರ ಕೈ ಸೇರಿದ್ದು 2021ರ ಅಕ್ಟೋಬರ್‌ನಲ್ಲಿ. ಅಲ್ಲಿ ದುಡ್ಡಿಗೆ ಬರ ಇರಲಿಲ್ಲ, ಅಲ್ವಾ?

ನಿಜವಾದ ಸುದ್ದಿ ಹೇಗಿರುತ್ತೆ ಅಂತ ನೋಡಬೇಕಾದರೆ ಮ್ಯಾಂಚೆಸ್ಟರ್‌ವರೆಗೆ ಹೋಗಬೇಕಾಗಿಲ್ಲ. ನಮ್ಮ ವಿಠಲ್ ಮಲ್ಯ ರಸ್ತೆಯ ಯುನೈಟೆಡ್ ಸ್ಪಿರಿಟ್ಸ್ 2025ರ ನವೆಂಬರ್‌ನಲ್ಲಿ, ಆಗ ತನ್ನ ಕೈಯಲ್ಲಿದ್ದ ಆರ್‌ಸಿಬಿ ಬಗ್ಗೆ ಷೇರುಪೇಟೆಗೆ ಪತ್ರ ಕೊಟ್ಟಿತು. ತಂಡದಲ್ಲಿನ ಹೂಡಿಕೆಯನ್ನು ಮರುಪರಿಶೀಲಿಸುತ್ತಿದ್ದೇವೆ, ಇಂಥ ದಿನಾಂಕದೊಳಗೆ ಮುಗಿಸುವ ಅಂದಾಜಿದೆ ಅಂತ. ಸಪ್ಪೆ ಭಾಷೆ, ಕಂಪನಿಯ ಸಹಿ, ದಿನಾಂಕ. ಅದು ಸುದ್ದಿ. ಮ್ಯಾಂಚೆಸ್ಟರ್ ಯುನೈಟೆಡ್ ಕೂಡ ಅಮೆರಿಕದ ಷೇರುಪೇಟೆ ನಿಯಂತ್ರಕರಿಗೆ ಹೀಗೇ ದಾಖಲೆ ಸಲ್ಲಿಸುತ್ತದೆ. ಯಾರು ಬೇಕಾದರೂ ಬಿಟ್ಟಿ ಓದಬಹುದು. ಓದಲು ಬೋರಾಗುತ್ತೆ ಅಂತ ಯಾರೂ ಓದುವುದಿಲ್ಲ, ಅಷ್ಟೇ.

ಹಾಗಾದರೆ ಇನ್ನಷ್ಟು ತಗೊಳ್ಳಲಾ? ಬೇಡ. ನಾನಂತೂ ಯಾವ ಕ್ಲಬ್‌ನ ಷೇರನ್ನೂ ಮುಟ್ಟುವುದಿಲ್ಲ. ನನ್ನದು ಸ್ವಲ್ಪ ಅತಿ ಎಚ್ಚರಿಕೆ ಅಂತ ಸ್ನೇಹಿತರು ನಗುತ್ತಾರೆ, ನಗಲಿ. ಇರುವುದನ್ನು ಅಭಿಮಾನಕ್ಕೆ ಇಟ್ಟುಕೊಳ್ಳಿ, ಜೆರ್ಸಿ ಇಟ್ಟುಕೊಂಡ ಹಾಗೆ. ಆದರೆ ಒಂದು ವಿಷಯ ನೀವು ಕೇಳಿಲ್ಲ, ಅದಕ್ಕೇ ನನಗೆ ಭಯ. ವಿದೇಶಿ ಷೇರು ಒಂದೇ ಒಂದಿದ್ದರೂ ಐಟಿ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ಬರೆಯುವ ಷೆಡ್ಯೂಲ್ ಎಫ್‌ಎಯಲ್ಲಿ ತೋರಿಸಬೇಕು. ಸಂಬಳದವರು ಸಾಮಾನ್ಯವಾಗಿ ಹಾಕುವ ಐಟಿಆರ್-1ರಲ್ಲಿ ಆ ಷೆಡ್ಯೂಲೇ ಇಲ್ಲ. ನೀವು ಯಾವುದನ್ನು ಹಾಕಿದ್ದೀರಿ ನೋಡಿಕೊಳ್ಳಿ. ಶೇಖ್ ಬರುತ್ತಾರೋ ಇಲ್ಲವೋ, ನೋಟಿಸ್ ಬರಬಹುದು.

ಅಂಬಾನಿಯವರು ಲಿವರ್‌ಪೂಲ್ ಕೊಳ್ಳುತ್ತಾರಂತೆ, ಹೌದಾ?
— ಹಲವರು

2010ರಲ್ಲೂ ಇದೇ ಸುದ್ದಿ, 2022ರಲ್ಲೂ ಇದೇ ಸುದ್ದಿ. ಮುಂದಿನ ಪ್ರಶ್ನೆ.

ಖಾಸಗಿ ವಿಮಾನ ದೋಹಾದಿಂದ ಮ್ಯಾಂಚೆಸ್ಟರ್‌ಗೆ ಇಳಿದಿದೆ ಅಂತ ಒಂದು ಯೂಟ್ಯೂಬ್ ಚಾನೆಲ್ ಮ್ಯಾಪ್ ಸಮೇತ ತೋರಿಸಿತು.
— ವಿದ್ಯಾರ್ಥಿ, ಮಲ್ಲೇಶ್ವರ

ವಿಮಾನ ಇಳಿಯುವುದು ವಿಮಾನದ ಕೆಲಸ. ಪರೀಕ್ಷೆಗೆ ಓದಿಕೊಳ್ಳಿ.

ಶ್ರೀಮಂತ ಮಾಲೀಕರು ಬಂದರೆ ಕಪ್ ಗ್ಯಾರಂಟಿ ಅಲ್ವಾ ಸರ್?
— ಒಬ್ಬ ಓದುಗರು, ಆರ್.ಟಿ. ನಗರ

ಪುಣೆಯ ವೆಂಕೀಸ್‌ನವರು 2010ರ ನವೆಂಬರ್‌ನಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸ್ ಕೊಂಡರು. ಮುಂದಿನ ತಿಂಗಳೇ ಕೋಚ್ ಸ್ಯಾಮ್ ಅಲರ್ಡೈಸ್‌ರನ್ನು ತೆಗೆದರು. 2012ರಲ್ಲಿ ತಂಡ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿಯಿತು, 2017ರಲ್ಲಿ ಮೂರನೇ ದರ್ಜೆಗೆ. ಮ್ಯಾಂಚೆಸ್ಟರ್ ಸಿಟಿ ಇದಕ್ಕೆ ಉಲ್ಟಾ, ನಿಜ. ಅಲ್ಲೂ ಅಬುಧಾಬಿಯವರು 2008ರಲ್ಲಿ ಬಂದ ಮೇಲೆ ಲೀಗ್ ಗೆಲ್ಲಲು 2012ರವರೆಗೆ ಕಾಯಬೇಕಾಯಿತು.

ನಮ್ಮ ಬಿಎಫ್‌ಸಿಯನ್ನು ಯಾರಾದರೂ ದೊಡ್ಡ ವಿದೇಶಿ ಹೂಡಿಕೆದಾರರು ಕೊಳ್ಳಬಾರದಾ? ಕಂಠೀರವದಲ್ಲಿ ಖಾಲಿ ಸೀಟು ನೋಡಿ ಹೊಟ್ಟೆ ಉರಿಯುತ್ತೆ.
— ಒಬ್ಬ ಓದುಗರು, ಆಸ್ಟಿನ್ ಟೌನ್

ನಿಮ್ಮ ಹೊಟ್ಟೆ ಉರಿ ನನಗೆ ಅರ್ಥವಾಗುತ್ತದೆ. ಆದರೆ ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿದಾಗಿನಿಂದಲೂ ಜೆಎಸ್‌ಡಬ್ಲ್ಯು ಕೈಯಲ್ಲಿದೆ. ಅವರೇನು ಬಡವರಾ? ಎರಡು ಐ-ಲೀಗ್, ಒಂದು ಐಎಸ್ಎಲ್ ಗೆದ್ದ ಕ್ಲಬ್ ಅದು. ಹೊಸಬರು ಬಂದರೆ ಏನನ್ನು ಕೊಳ್ಳುತ್ತಾರೆ ಅಂತ ಯೋಚಿಸಿ. ಕಂಠೀರವ ಸರ್ಕಾರದ್ದು. ಲೀಗ್‌ನ ಹಕ್ಕು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನದು. ಆ ಹಕ್ಕಿನ ಬಗ್ಗೆ 2010ರಲ್ಲಿ ಮಾಡಿಕೊಂಡ 15 ವರ್ಷದ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯಿತು. ಮುಂದೇನು ಅಂತ ಮೊದಲೇ ತೀರ್ಮಾನ ಆಗದ ಕಾರಣ ಆ ಆಗಸ್ಟ್‌ನಲ್ಲೇ ಬಿಎಫ್‌ಸಿ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯುವುದಾಗಿ ಪ್ರಕಟಿಸಬೇಕಾಯಿತು. ಮುಂಬೈ ಸಿಟಿಯಲ್ಲಿ 2019ರಲ್ಲಿ 65 ಶೇಕಡಾ ಪಾಲು ತಗೊಂಡಿದ್ದ ಸಿಟಿ ಫುಟ್‌ಬಾಲ್ ಗ್ರೂಪ್ 2025ರ ಕೊನೆಗೆ ಬಿಟ್ಟು ಹೊರಟಿತು. ಹೊರಗಿನವರು ಒಂದು ಕ್ಲಬ್‌ಗೆ ಬೆಲೆ ಕಟ್ಟುವುದು ಮುಂದಿನ ಹತ್ತು ವರ್ಷದ ಪ್ರಸಾರದ ಆದಾಯ ನೋಡಿ. ಅದು ಕಾಗದದ ಮೇಲೆ ಗಟ್ಟಿಯಾಗುವವರೆಗೆ ಯಾರು ಬಂದರೂ ಲೆಕ್ಕಪತ್ರ ನೋಡಿ, ಕಾಫಿ ಕುಡಿದು ಹೋಗುತ್ತಾರೆ. ಸೀಟು ತುಂಬಿಸುವ ಕೆಲಸ ಬೇರೆ. ಅದಕ್ಕೆ ಹೂಡಿಕೆದಾರರು ಬೇಕಾಗಿಲ್ಲ. ಮುಂದಿನ ಪಂದ್ಯಕ್ಕೆ ನೀವು ಇನ್ನಿಬ್ಬರನ್ನು ಕರೆದುಕೊಂಡು ಹೋಗಿ.

ಫ್ಯಾನ್ ಟೋಕನ್ ತಗೊಂಡರೆ ಕ್ಲಬ್‌ನಲ್ಲಿ ಪಾಲು ಸಿಗುತ್ತಾ?
— ಒಬ್ಬ ಓದುಗರು, ವೈಟ್‌ಫೀಲ್ಡ್

ಇಲ್ಲ. ಅದು ಕ್ಲಬ್ ಹೆಸರಲ್ಲಿ ಮಾರುವ ಒಂದು ಕ್ರಿಪ್ಟೊ ಟೋಕನ್, ಷೇರಲ್ಲ. ಬಸ್ಸಿನಲ್ಲಿ ಯಾವ ಹಾಡು ಹಾಕಬೇಕು ಅಂತ ಮತ ಹಾಕಲು ಬಿಡಬಹುದು, ಅಷ್ಟೇ.

ಇಂಗ್ಲೆಂಡಿನ ಒಂದು ಕ್ಲಬ್‌ನ ಷೇರು ಪೇಟೆಗೆ ಬರುವ ಮೊದಲೇ ಅರ್ಧ ಬೆಲೆಗೆ ಕೊಡಿಸುತ್ತೇವೆ ಅಂತ ಟೆಲಿಗ್ರಾಂ ಗ್ರೂಪಿನಲ್ಲಿ ಒಬ್ಬರು ಹೇಳುತ್ತಿದ್ದಾರೆ. ಟೇಕ್‌ಓವರ್ ಆದ ದಿನ ಮೂರು ಪಟ್ಟು ಆಗುತ್ತಂತೆ. ಅರ್ಧ ದುಡ್ಡು ಯುಪಿಐನಲ್ಲಿ ಕಳಿಸಿದ್ದೇನೆ, ಉಳಿದರ್ಧ ಶುಕ್ರವಾರದೊಳಗೆ ಕೇಳುತ್ತಿದ್ದಾರೆ.
— ಹೆಸರು ಬೇಡ, ಕೆಂಗೇರಿ

ಕಳಿಸಬೇಡಿ. ವಿದೇಶಿ ಷೇರನ್ನು ಕ್ರಮವಾಗಿ ಕೊಳ್ಳುವಾಗ ದುಡ್ಡು ಬ್ಯಾಂಕಿನ ಮೂಲಕ, ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಎಲ್ಆರ್‌ಎಸ್ ಯೋಜನೆಯ ಲೆಕ್ಕದಲ್ಲಿ ಹೊರಗೆ ಹೋಗುತ್ತದೆ, ಯಾರದೋ ಫೋನ್ ನಂಬರಿಗಲ್ಲ. ಗ್ರೂಪಿನಿಂದ ಹೊರಬರುವ ಮೊದಲು ಚಾಟ್‌ನ ಸ್ಕ್ರೀನ್‌ಶಾಟ್, ಯುಪಿಐ ವಿವರ ತೆಗೆದಿಟ್ಟುಕೊಳ್ಳಿ. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಈ ಪತ್ರಿಕೆ ಮಡಿಸಿಟ್ಟ ಮೇಲಲ್ಲ, ಈಗಲೇ.