ಅಲಾರಂ ಹೊಡೆದರೆ ವೈರ್ ಮುಟ್ಟಬೇಡಿ, ಮೊದಲು ನೆಲ ನೋಡಿ

ಕುಶಾಲನಗರದ ಕಾಫಿ ಗೋದಾಮಿನಲ್ಲಿ ಲೈಟ್ ಬದಲಿಸೋಕೆ ಸಿಸರ್ ಲಿಫ್ಟ್ (ಕತ್ತರಿಯಂತಹ ಕಾಲುಗಳ ಮೇಲೆ ಜನರನ್ನು ಎತ್ತುವ ಯಂತ್ರ) ಏರಿಸಿದರೆ ಬಾಗಿಲ ಹತ್ತಿರ ಮಾತ್ರ ಅಲಾರಂ ಹೊಡೆದು ನಿಲ್ಲುತ್ತೆ, ಸೆನ್ಸರ್ ವೈರ್ ತೆಗೆಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ತೆಗೆಯಬೇಡಿ. ಯಂತ್ರ ಮಿತಿ ಮೀರಿ ಓರೆಯಾದರೆ ಎಚ್ಚರಿಸೋದೇ ಆ ಸೆನ್ಸರ್ ಕೆಲಸ. ಮಳೆನೀರು ಹೊರಗೆ ಹರಿಯಲಿ ಅಂತ ಬಾಗಿಲ ಕಡೆ ನೆಲಕ್ಕೆ ಇಳಿಜಾರು ಕೊಟ್ಟಿರ್ತಾರೆ. ಒಳಾಂಗಣದ ಎಷ್ಟೋ ಯಂತ್ರಗಳಿಗೆ ಅಡ್ಡಡ್ಡ ಓರೆಯ ಮಿತಿ 1.5 ಡಿಗ್ರಿ ಅಷ್ಟೇ. ನಿಮ್ಮದರ ಮಿತಿ ಯಂತ್ರಕ್ಕೆ ಅಂಟಿಸಿದ ಮಾಹಿತಿ ಪ್ಲೇಟಿನ ಮೇಲಿರುತ್ತೆ. 8 ಮೀಟರ್ ಎತ್ತರದಲ್ಲಿ ಅಷ್ಟು ಓರೆ ಅಂದರೆ ನೀವು ನಿಲ್ಲುವ ಬುಟ್ಟಿ 21 ಸೆಂ.ಮೀ. ಪಕ್ಕಕ್ಕೆ ಸರಿದಂತೆ.

ಪೂರ್ತಿ ಕೆಳಗಿಳಿಸಿ, ಚಕ್ರದಡಿ ಹೊಟ್ಟು, ಗೋಣಿದಾರ, ಹಲಗೆ ಚೂರು ಇದೆಯಾ ನೋಡಿ ಗುಡಿಸಿ. ಏರಿಸುವಾಗ ಚಕ್ರಗಳ ನಡುವೆ ಇಳಿಯುವ ಗುಂಡಿರಕ್ಷಕ ಪಟ್ಟಿಗೆ (ಚಕ್ರ ಹಳ್ಳಕ್ಕೆ ಇಳಿದರೆ ಯಂತ್ರ ಉರುಳದಂತೆ ತಡೆಯುವ ಪಟ್ಟಿ) ಕಸ ಸಿಕ್ಕರೂ ಯಂತ್ರ ಮೇಲೇರಲ್ಲ. ಆಮೇಲೆ ಸಮತಟ್ಟು ಜಾಗಕ್ಕೆ ತಂದು ಪರೀಕ್ಷಿಸಿ. ಅಲ್ಲೂ ಹೊಡೆದರೆ ಮೆಕ್ಯಾನಿಕ್‌ನ ಕರೆಸಿ. ಬಾಗಿಲ ಮೇಲಿನ ಲೈಟಿಗೆ ಇಳಿಜಾರಿಗೆ ಹೊಂದುವ ಬೇರೆ ಯಂತ್ರ ಬಾಡಿಗೆಗೆ ತರುವುದೇ ಸರಿ. ಚಕ್ರದಡಿ ಹಲಗೆ ಕೊಟ್ಟು ಮಟ್ಟ ಮಾಡೋದು ಇನ್ನೂ ಅಪಾಯ.

ದಿನಾ ಏರುವ ಮೊದಲು ತುರ್ತು ನಿಲುಗಡೆ ಗುಂಡಿ, ಕೆಳಗಿನ ಕಂಟ್ರೋಲ್, ತುರ್ತು ಇಳಿಕೆ ವಾಲ್ವ್ ನೋಡಿ. ಆ ವಾಲ್ವ್ ಎಲ್ಲಿದೆ ಅಂತ ಕೆಳಗೆ ನಿಂತವರಿಗೂ ಗೊತ್ತಿರಲಿ. ಬುಟ್ಟಿಯ ಸುತ್ತಲಿನ ಕಂಬಿ ಹತ್ತಬೇಡಿ, ಬುಟ್ಟಿಯಲ್ಲಿ ಕಾಫಿ ಚೀಲ ಏರಿಸಬೇಡಿ.